ಓರಗಿತ್ತಿಯ ಲಿನಕ್ಸು

ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂಬ ಗಾದೆ ಕಟ್ಟಿದವರಿಗೆ ಲಿನಕ್ಸ್ ಗೊತ್ತಿರಲಿಲ್ಲ. ಗೊತ್ತಿದ್ದರೆ ಗಾದೆ ಇನ್ನೂ ಸ್ವಲ್ಪ ಉದ್ದವಾಗಿರುತ್ತಿತ್ತು.

ಆ ಮನೆಯ ಕೆಳಗಡೆ ಹೊಲಿಗೆ ಕಾರ್ಖಾನೆ, ಮೇಲ್ಗಡೆ ಸಂಸಾರ. ಕೋಟು, ಅಂಗಿ, ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಗೆ ಅತ್ತೆಯೇ ಯಜಮಾನಿ. ಅಳತೆ ತೆಗೆಯುವವರು ಅವರೇ, ಬಟ್ಟೆ ಕತ್ತರಿಸುವವರೂ ಅವರೇ. ಗಂಡುಮಕ್ಕಳಿಬ್ಬರು ಇಸ್ತ್ರಿ, ಸಾಗಣೆ, ಗಿರಾಕಿ ಎಂದು ಓಡಾಡಿಕೊಂಡಿದ್ದರೇ ಹೊರತು ಕತ್ತರಿ ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕಿಟಕಿಯ ಪಕ್ಕದ ಉದ್ದನೆಯ ಮೇಜು, ಅದರ ಮೇಲೆ ಕತ್ತರಿ, ಸೀಮೆಸುಣ್ಣ, ಕುತ್ತಿಗೆಯಲ್ಲಿ ಟೇಪು, ಇಷ್ಟು ಅತ್ತೆಯ ರಾಜ್ಯ. ಆ ರಾಜ್ಯದೊಳಗೆ ಕಾಲಿಟ್ಟ ಮೊದಲ ಹೊರಗಿನವಳು ಹಿರಿಸೊಸೆ.

ಹಿರಿಸೊಸೆಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಒಂದು ಗುಂಡಿ ಹೊಲಿಯಲು ಕೊಟ್ಟರು. ಅವಳು ಹೊಲಿದದ್ದನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ಅನ್ನದೆ ಬಿಚ್ಚಿ, ತಾವೇ ಮತ್ತೆ ಹೊಲಿದರು. ಬೈದಿದ್ದರೆ ಮರೆತುಬಿಡುತ್ತಿದ್ದಳು. ಬೈಯದೇ ಇದ್ದದ್ದು ಮುಳ್ಳಾಗಿ ಉಳಿಯಿತು. ಅವಳಿಗೆ ಬರುತ್ತಿದ್ದ ವಿದ್ಯೆ ಒಂದೇ, ಪ್ರೋಗ್ರಾಂ ಬರೆಯುವುದು. ಅದನ್ನೇ ಹಿಡಿದು ಕೂತಳು. ಅತ್ತೆ ಕಾಗದದ ಮೇಲೆ ಗೆರೆ ಎಳೆದು ಪ್ಯಾಟರ್ನ್ ಮಾಡುವುದನ್ನು ದಿನಗಟ್ಟಲೆ ನೋಡಿ, ಕೇಳಿ, ಪೀಡಿಸಿ, ಎದೆ ಇಷ್ಟಿದ್ದರೆ ಭುಜ ಎಷ್ಟು, ಕಂಕುಳಿನ ಬಾಗು ಎಷ್ಟು ಎಂಬ ಲೆಕ್ಕವನ್ನೆಲ್ಲ ಪರ್ಲ್ ಭಾಷೆಯಲ್ಲಿ ಬರೆದಳು. ಅಳತೆಗಳನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಮೂಲೆಯಲ್ಲಿದ್ದ ಅಗಲಬಾಯಿಯ ಪ್ರಿಂಟರು ಗರಗರನೆ ಕಾಗದ ಉಗುಳುತ್ತಿತ್ತು. ಅದನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿ ಆಡಿಸುವುದಷ್ಟೇ ಅತ್ತೆಯ ಕೆಲಸ.

ಅಂದಿನಿಂದ ಅತ್ತೆ ದಿನಾ ಬೆಳಿಗ್ಗೆ ಮೇಜಿನ ಹತ್ತಿರ ನಿಂತು ಮೇಲಕ್ಕೆ ಕೂಗುತ್ತಿದ್ದರು. "ಎಲ್ಲಿದ್ದೀಯಮ್ಮಾ? ಬಾ, ಇದನ್ನ ಹಾಕಿಕೊಡು."

ಆ ಕೂಗಿಗೆ ಹಿರಿಸೊಸೆ ಟೀ ಲೋಟವನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿಯುತ್ತಿದ್ದಳು. ಗಂಡ ಕರೆದರೆ ಎರಡನೇ ಸಲಕ್ಕೆ ಓಗೊಡುತ್ತಿದ್ದವಳು ಅತ್ತೆ ಕರೆದರೆ ಮೊದಲ ಸಲಕ್ಕೇ ಹಾಜರು. ತನ್ನನ್ನು ಬಿಟ್ಟರೆ ಅತ್ತೆಗೆ ದಿನ ಶುರುವಾಗುವುದಿಲ್ಲ ಎನ್ನುವುದು ಅವಳಿಗೆ ಒಡವೆಗಿಂತ ಹೆಚ್ಚಾಗಿತ್ತು.

ಆ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸು; ಅದರ ಹಲವು ಪಂಗಡಗಳಲ್ಲಿ ಡೆಬಿಯನ್ ಎಂಬ ಹಳೆಯ ಪಂಗಡ. ಹಾಕಿದಂದಿನಿಂದ ಒಂದು ದಿನವೂ ಕೈಕೊಟ್ಟಿಲ್ಲ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು, ಗುಂಡಿ ಹಾಕಿಸಲು ಬಂದವರಿಗೂ. ಪರದೆ ಕಪ್ಪು, ಅಕ್ಷರ ಬಿಳಿ, ಚಿತ್ರವಿಲ್ಲ, ಬಣ್ಣವಿಲ್ಲ. "ಕಂಪ್ಯೂಟರು ಇರೋದು ಕೆಲಸ ಮಾಡೋಕೆ, ಪೌಡರ್ ಬಳ್ಕೊಂಡು ಕೂರೋಕಲ್ಲ" ಎನ್ನುವುದು ಅವಳ ಸಿದ್ಧಾಂತ. ಪರ್ಲ್ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಅವತ್ತು ಅವರಿಗೆ ಗ್ರಹಚಾರ. ತಾನೇ ಬರೆದ ಸಾಲುಗಳನ್ನು ವರ್ಷದ ಮೇಲೆ ತಾನೇ ಓದಿದರೆ ಅವಳಿಗೂ ತಲೆಬುಡ ತಿಳಿಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು.

ಹೀಗಿರುವಾಗ ಮೈದುನ ಮದುವೆಯಾದ. ಜಗತ್ತಿನಲ್ಲಿ ಎಷ್ಟು ಹೆಣ್ಣುಗಳಿದ್ದರು! ಹಲ್ಲಿನ ಡಾಕ್ಟರುಗಳಿದ್ದರು, ಭೂಗೋಳದ ಟೀಚರುಗಳಿದ್ದರು, ಬ್ಯಾಂಕಿನವರಿದ್ದರು. ಅವರನ್ನೆಲ್ಲ ಬಿಟ್ಟು ಅವನು ಹುಡುಕಿ ತಂದದ್ದು ಪ್ರೋಗ್ರಾಂ ಬರೆಯುವವಳನ್ನು. ಹೋಗಲಿ, ವಿಂಡೋಸ್ ಬಳಸುವವಳಾಗಿದ್ದರೆ ಅಯ್ಯೋ ಪಾಪ ಎಂದು ಮರುಗಬಹುದಿತ್ತು. ಬಂದವಳದೂ ಲಿನಕ್ಸೇ. ಬೇರೆ ದೇವರನ್ನು ನಂಬಿದವರ ಜೊತೆ ಹೇಗೋ ಬಾಳಬಹುದು; ಅದೇ ದೇವರಿಗೆ ಬೇರೆ ಥರ ಕೈಮುಗಿಯುವವರ ಜೊತೆ ಬಾಳುವುದು ಕಷ್ಟ.

"ಅಕ್ಕ, ನೀವೂ ಲಿನಕ್ಸಾ? ನಾನು ಆರ್ಚ್ ಪಂಗಡ" ಎಂದಳು ಕಿರಿಸೊಸೆ, ಬಂದ ಮರುದಿನವೇ. ಯಾರೂ ಕೇಳಿರಲಿಲ್ಲ.

"ನಾನು ಡೆಬಿಯನ್."

"ಓ, ಒಳ್ಳೇದು ಅಕ್ಕ. ನಮ್ಮ ಮೇಷ್ಟ್ರೊಬ್ಬರು ಅದನ್ನೇ ಇಟ್ಕೊಂಡಿದ್ರು. ತುಂಬಾ ಹಳಬರು, ತುಂಬಾ ಒಳ್ಳೆಯವರು."

ಅವಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದೇ ಹಿರಿಸೊಸೆಗೆ ಉರಿದದ್ದು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಎರಡು ಮಾತು ತಿರುಗಿಸಿ ಕೊಡಬಹುದಿತ್ತು.

ಊಟದ ಹೊತ್ತಿನಲ್ಲಿ ಇದೇ ಚರ್ಚೆ. ಹೊಸದು ಬಂದಂತೆಲ್ಲ ಹಾಕಿಕೊಳ್ಳಬೇಕು ಎಂದು ಕಿರಿಯವಳು, ಹೊಸದನ್ನು ಹಾಕಿಕೊಂಡು ಬೆಳಿಗ್ಗೆ ಎದ್ದು ಮೆಷಿನ್ನೇ ಏಳದಿದ್ದರೆ ಏನು ಮಾಡುತ್ತೀಯ ಎಂದು ಹಿರಿಯವಳು. ಪ್ರೋಗ್ರಾಂ ಬರೆದರೆ ನಾಳೆ ಬರುವವರಿಗೂ ಅರ್ಥವಾಗುವ ಹಾಗೆ ಬರೆಯಬೇಕು ಎಂದು ಕಿರಿಯವಳು, ನಾಳೆ ಬರುವವರನ್ನು ಕರೆದವರು ಯಾರು ಎಂದು ಹಿರಿಯವಳು. ಅಣ್ಣತಮ್ಮಂದಿರಿಬ್ಬರೂ ಭಾಷೆ ಗೊತ್ತಿಲ್ಲದ ನಾಟಕಕ್ಕೆ ಬಂದವರಂತೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಒಮ್ಮೆ ಹಿರಿಸೊಸೆಯ ಗಂಡ, ಪಾಪ, ಸಮಾಧಾನ ಮಾಡಲು ಹೋಗಿ, "ಎರಡೂ ಲಿನಕ್ಸೇ ಅಲ್ವಾ? ಏನು ವ್ಯತ್ಯಾಸ?" ಎಂದುಬಿಟ್ಟ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿ ನೋಡಿದರು. ಓರಗಿತ್ತಿಯರ ನಡುವೆ ಒಗ್ಗಟ್ಟು ಮೂಡಿದ್ದು ಆ ಒಂದು ಗಳಿಗೆ ಮಾತ್ರ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಇದೆಲ್ಲ ಎಷ್ಟು ದಿನ ಎಂದು ಹಿರಿಸೊಸೆ ಮೂಗು ಮುರಿದಳು. ಆದರೆ ಕಿರಿಸೊಸೆಯ ಒಗೆತ ನಿಲ್ಲಲಿಲ್ಲ. ಅವಳ ಪುಟ್ಟ ಲ್ಯಾಪ್‌ಟಾಪಿನಲ್ಲಿ ಕಿಟಕಿಗಳು ಒಂದರ ಪಕ್ಕ ಒಂದು ತಾವಾಗಿಯೇ ಜೋಡಿಸಿಕೊಳ್ಳುತ್ತಿದ್ದವು, ಬೆರಳು ಆಡಿದರೆ ಪುಟ ಹಾರುತ್ತಿತ್ತು. ಅವಳು ಮೇಲೆ ಹೋದಾಗ ಹಿರಿಸೊಸೆ ಅದರ ಹತ್ತಿರ ಹೋಗಿ ಎರಡು ಕೀಲಿ ಒತ್ತಿ ನೋಡಿದಳು. ಎಷ್ಟು ಬೇಗ ಓಗೊಟ್ಟಿತೆಂದರೆ ಕೈ ಸುಟ್ಟವಳಂತೆ ಹಿಂದೆ ಸರಿದಳು. ಇಷ್ಟೂ ಸಾಲದು ಎಂಬಂತೆ ಕಿರಿಸೊಸೆಗೆ ಹೊಲಿಗೆಯೂ ಬರುತ್ತಿತ್ತು. ಕಾಲರು ಒಂದನ್ನು ಮಡಿಸಿ ಹೊಲಿದು ಮೇಜಿನ ಮೇಲಿಟ್ಟಾಗ ಅತ್ತೆ ಅದರ ಮೇಲೆ ಹೆಬ್ಬೆರಳು ಆಡಿಸಿ, "ಕೈ ಚೆನ್ನಾಗಿದೆ ಕಣೇ ನಿಂದು" ಎಂದರು. ಹಿರಿಸೊಸೆ ಇಷ್ಟು ವರ್ಷದಲ್ಲಿ ಆ ಮಾತು ಕೇಳಿಸಿಕೊಂಡಿರಲಿಲ್ಲ. ಅವತ್ತು ಅವಳ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿಟ್ಟು ಹೋದರು, ಆರಿಸಲು ಯಾರೂ ಬರಲಿಲ್ಲ.

ಒಂದು ಮಧ್ಯಾಹ್ನ ಕಿರಿಸೊಸೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಅಕ್ಕ, ತಪ್ಪು ತಿಳ್ಕೋಬೇಡಿ..."

ತಪ್ಪು ತಿಳ್ಕೋಬೇಡಿ ಎಂದು ಶುರುವಾದ ಮಾತನ್ನು ಸರಿಯಾಗಿ ತಿಳಿದುಕೊಂಡವರು ಇದುವರೆಗೆ ಯಾರೂ ಇಲ್ಲ.

"ಈ ಪ್ರೋಗ್ರಾಂನ ನಾನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೀಲಾ?"

"ಚೆನ್ನಾಗಿ ಓಡ್ತಿದೆಯಲ್ಲ. ಓಡ್ತಿರೋದರ ಕಾಲು ಯಾಕೆ ಮುರೀಬೇಕು?"

"ಮುರಿಯಲ್ಲ ಅಕ್ಕ. ಲೆಕ್ಕ ಎಲ್ಲ ನಿಮ್ಮದೇ. ಪರದೆ ಮೇಲೆ ಪ್ಯಾಟರ್ನಿನ ಚಿತ್ರ ಕಾಣೋ ಹಾಗೆ ಮಾಡ್ತೀನಿ. ಬಾಗು ಸರಿ ಇಲ್ಲ ಅನ್ನಿಸಿದ್ರೆ ಅತ್ತೆ ಮೌಸಲ್ಲಿ ಹಿಡಿದು ಅವರಿಗೆ ಬೇಕಾದ ಹಾಗೆ ಎಳ್ಕೋಬಹುದು."

"ಅತ್ತೆಗೆ ಯಾಕೆ ಆ ತಾಪತ್ರಯ? ಈಗ ಅವರು ಏನೂ ಮಾಡಬೇಕಾಗೇ ಇಲ್ಲ."

ಮೇಜಿನ ಕಡೆಯಿಂದ ಕತ್ತರಿಯ ಸದ್ದು ನಿಂತಿತು. "ಮಾಡ್ಲಿ ಬಿಡಮ್ಮಾ, ನೋಡೋಣ" ಎಂದರು ಅತ್ತೆ, ತಲೆಯೆತ್ತದೆ.

ಅಲ್ಲಿಗೆ ಮುಗಿಯಿತು. ಯಜಮಾನಿಯೇ ಹೂಂ ಎಂದ ಮೇಲೆ ಇನ್ನು ಯಾರ ಹತ್ತಿರ ದೂರು? ಹಿರಿಸೊಸೆ ತನ್ನ ಪ್ರೋಗ್ರಾಂ ಇದ್ದ ಫೋಲ್ಡರನ್ನು ತೆರೆದು ಕೊಟ್ಟಳು. ಕಿರಿಸೊಸೆ ಅದನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕೇಳಿದಳು, "ಅಕ್ಕ, ಎಲ್ಲ ಇದರಲ್ಲೇ ಇದೆ ತಾನೇ? ಬೇರೆ ಕಡೆ ಏನೂ ಇಲ್ವಲ್ಲ?"

ಇತ್ತು.

ಅದರ ಕಥೆ ಹಳೆಯದು. ಮೊದಲ ಸಲ ಈ ಪ್ರೋಗ್ರಾಂನಿಂದ ಪ್ಯಾಟರ್ನ್ ತೆಗೆದಾಗ ಕೋಟು ಸಡಿಲವಾಗಿ ಬಂದಿತ್ತು. ಮೈಯ ಅಳತೆಗೆ ಸರಿಯಾಗಿ ಹೊಲಿದರೆ ಉಸಿರಾಡಲು ಆಗುವುದಿಲ್ಲ, ಒಂದಿಷ್ಟು ಸಡಿಲ ಸೇರಿಸಬೇಕು. ಎಷ್ಟು ಎಂದು ಕೇಳಿದರೆ ಅತ್ತೆ "ಬೇಕಾದಷ್ಟು" ಎಂದಿದ್ದರು, ಅವಳು ಹೊಲಿಗೆ ಪುಸ್ತಕ ನೋಡಿ ಒಂದು ಅಂಕಿ ಹಾಕಿದ್ದಳು. ಪುಸ್ತಕದ ಪ್ರಕಾರ ಸರಿ. ಹಾಗಾದರೆ ತಪ್ಪೆಲ್ಲಿ ಎಂದು ಅತ್ತೆ ಅಳತೆ ತೆಗೆಯುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಟೇಪನ್ನು ಎದೆಗೆ ಸುತ್ತುವಾಗ ಅತ್ತೆ ತಮ್ಮ ಎರಡು ಬೆರಳನ್ನು ಅದರ ಒಳಗೆ ಇಟ್ಟಿರುತ್ತಿದ್ದರು. ಸೊಂಟಕ್ಕೂ ಹಾಗೇ, ತೋಳಿಗೂ ಹಾಗೇ. ಸಡಿಲ ಅವರ ಬೆರಳಿನಲ್ಲೇ ಇತ್ತು, ಅದು ಅವರಿಗೇ ಗೊತ್ತಿರಲಿಲ್ಲ. ಪ್ರೋಗ್ರಾಂ ಅದರ ಮೇಲೆ ಇನ್ನೊಂದು ಸಲ ಸಡಿಲ ಸೇರಿಸುತ್ತಿತ್ತು. ಹೊಸದಾಗಿ ಬಂದ ಸೊಸೆ, ಗುಂಡಿ ಹೊಲಿಯಲು ಬಾರದವಳು, ನಿಮ್ಮ ಅಳತೆ ಹೀಗಿದೆ ಎಂದು ಅತ್ತೆಗೆ ಹೇಳುವುದುಂಟೇ? ಹೇಳಲಿಲ್ಲ. ಲೆಕ್ಕ ಮುಗಿದು ಪ್ರಿಂಟರಿಗೆ ಹೋಗುವ ದಾರಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಆ ಬೆರಳುಗಳ ದಪ್ಪವನ್ನು ಕಳೆಯುವ ಒಂದು ಸಾಲು ಬರೆದಿಟ್ಟಳು. ಕೋಟುಗಳು ಮೈಗೆ ಕೂತವು. ಲೆಕ್ಕದ ಪ್ರೋಗ್ರಾಂ ಇದ್ದದ್ದು ಒಂದು ಕಡೆ, ಆ ಸಾಲು ಇದ್ದದ್ದು ಇನ್ನೊಂದು ಕಡೆ.

"ಇರೋದೆಲ್ಲ ಅಲ್ಲೇ ಇದೆ" ಎಂದಳು ಹಿರಿಸೊಸೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಮುತ್ತನ್ನು ಬೇಕೆಂದೇ ಒಡೆದಳು. ಕೈ ತಪ್ಪಿ ಬಿದ್ದದ್ದಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಎರಡು ಕೋಟು ಸಡಿಲವಾಗಲಿ, ರಸ್ಟ್‌ನ ಬಣ್ಣ ಬಯಲಾಗಲಿ, ಅತ್ತೆ "ನಿಂದೇ ಹಾಕಮ್ಮಾ" ಎಂದು ಮತ್ತೆ ಕರೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಕಿರಿಸೊಸೆಯ ಪ್ರೋಗ್ರಾಂ ಸಿದ್ಧವಾಯಿತು. ಹಳೆಯದರ ಅಂಕಿಗಳನ್ನೂ ಹೊಸದರ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ಅವಳು ತಾಳೆ ನೋಡಿದಳು, ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಇರುವುದಾದರೂ ಹೇಗೆ? ಕಳೆಯುವ ಸಾಲು ಅಂಕಿಗಳನ್ನೆಲ್ಲ ದಾಟಿದ ಮೇಲೆ ಬರುತ್ತಿತ್ತು. ಅತ್ತೆ ಮೌಸು ಹಿಡಿದು ಕಂಕುಳಿನ ಬಾಗನ್ನು ಎಳೆದರು, ಗೆರೆ ಅವರ ಕೈಯ ಹಿಂದೆಯೇ ಬಂತು. ಇನ್ನೊಂದು ಚೂರು ಎಳೆದರು, ಬಂತು. ಅತ್ತೆ ನಕ್ಕರು. ತುಟಿಯಲ್ಲಲ್ಲ, ಗಟ್ಟಿಯಾಗಿ, ಹೊಲಿಗೆಯವರೆಲ್ಲ ಮೆಷಿನ್ ನಿಲ್ಲಿಸಿ ತಿರುಗಿ ನೋಡುವ ಹಾಗೆ. ಮರುದಿನದಿಂದ ಬೆಳಗಿನ ಕೂಗು ಬದಲಾಯಿತು. "ಚಿಕ್ಕವಳೇ, ಬಾರೇ, ಇದನ್ನ ತೆಗೆದುಕೊಡೇ!" ಹಿರಿಸೊಸೆ ಟೀಯನ್ನು ಕೊನೆಯ ಗುಟುಕಿನವರೆಗೆ ಕುಡಿದಳು. ಕುಡಿದು, ಲೋಟ ತೊಳೆದು, ತೊಳೆದ ಲೋಟವನ್ನು ಮತ್ತೆ ತೊಳೆದಳು.

ಆ ಹೊತ್ತಿಗೆ ಬಂದದ್ದು ವಾದ್ಯವೃಂದದವರ ಕೆಲಸ. ಎಲ್ಲರಿಗೂ ಕಪ್ಪು ಕೋಟು, ಎಲ್ಲ ಒಂದೇ ಬಟ್ಟೆ. ಅತ್ತೆ ಅವರನ್ನು ಒಬ್ಬೊಬ್ಬರಾಗಿ ಮೇಜಿನ ಮುಂದೆ ನಿಲ್ಲಿಸಿ ಅಳತೆ ತೆಗೆದರು, ಕಿರಿಸೊಸೆ ಬರೆದುಕೊಂಡಳು, ಬಾಗುಗಳನ್ನು ಅತ್ತೆ ತಾವೇ ಎಳೆದರು, ಕತ್ತರಿಸಿದರು, ಹೊಲಿಗೆಯವರು ಹೊಲಿದರು. ಹಿರಿಸೊಸೆ ಇಸ್ತ್ರಿಯ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತಳು. ಎರಡು ಕೋಟು ಎಂದುಕೊಂಡಿದ್ದಳು, ಇಡೀ ವಾದ್ಯವೃಂದವೇ ಬಂದಿತ್ತು. ಬಾಯಿ ತೆರೆಯಲು ಎಷ್ಟೋ ಸಲ ಎದ್ದಳು. ಅಷ್ಟರಲ್ಲಿ ಅತ್ತೆ "ಇಲ್ನೋಡೇ ಚಿಕ್ಕವಳೇ" ಎನ್ನುತ್ತಿದ್ದರು, ಇವಳು ಕೂತುಬಿಡುತ್ತಿದ್ದಳು.

ಹಾಕಿ ನೋಡುವ ದಿನ ಬಂತು. ಪಿಟೀಲಿನವರು ಕೋಟು ತೊಟ್ಟು, ಗುಂಡಿ ಹಾಕಿ, ಪಿಟೀಲು ಹಿಡಿದವರಂತೆ ತೋಳು ಎತ್ತಿದರು. ತೋಳು ಎದ್ದಿತು, ಕೋಟು ಏಳಲಿಲ್ಲ. "ಅಮ್ಮಾ, ಇದರೊಳಗೆ ಪಿಟೀಲಿನ ಜೊತೆ ಪೆಟ್ಟಿಗೇನೂ ಇಡಬಹುದು" ಎಂದರು. ಡೋಲಿನವರು ಕನ್ನಡಿ ನೋಡಿ, "ನಮ್ಮಣ್ಣನ ಕೋಟು ನನಗೆ ಕೊಟ್ರಾ?" ಎಂದರು. ಒಬ್ಬರದಲ್ಲ, ಎಲ್ಲರದೂ ಹಾಗೇ. ನಗು ತಡೆಯಲು ಅವರು ಪಟ್ಟ ಪಾಡನ್ನು ಅತ್ತೆ ನೋಡಿದರು.

ಹಿರಿಸೊಸೆ ಒಳಗೊಳಗೇ ಹಿಗ್ಗಿದಳು. ಸುಳ್ಳೇಕೆ ಹೇಳಬೇಕು, ಹಿಗ್ಗಿದಳು. ಈಗ ತಿರುಗುತ್ತಾರೆ ಚಿಕ್ಕವಳ ಮೇಲೆ ಎಂದು ಕಾದಳು.

ಕಿರಿಸೊಸೆಯ ಮುಖ ಬಿಳಿಚಿತು. ಅವಳು ಲ್ಯಾಪ್‌ಟಾಪ್ ತೆರೆದು ಲೆಕ್ಕ ನೋಡಿದಳು, ಮತ್ತೆ ನೋಡಿದಳು. "ಅತ್ತೆ, ಲೆಕ್ಕ ಸರಿಯಾಗೇ ಇದೆ. ಅಕ್ಕಂದೂ ನಂದೂ ಒಂದೇ ಬರ್ತಿದೆ."

"ಹಾಗಾದ್ರೆ ಅಳತೆ" ಎಂದರು ಅತ್ತೆ. ಹಿರಿಮಗನನ್ನು ಕರೆದು ಟೇಪನ್ನು ಅವನ ಕೈಗೆ ಕೊಟ್ಟರು. ಅವನು ಪಿಟೀಲಿನವರ ಎದೆಗೆ ಟೇಪು ಸುತ್ತಿ, ಬಿಗಿಯಾಗಿ ಹಿಡಿದು ಓದಿದ. ಅತ್ತೆ ತೆಗೆದದ್ದಕ್ಕಿಂತ ಕಡಿಮೆ. ಸೊಂಟಕ್ಕೆ ಸುತ್ತಿದ, ಅದೂ ಕಡಿಮೆ. ಡೋಲಿನವರದೂ ಕಡಿಮೆ. ಅತ್ತೆ ಇನ್ನು ಸಾಕು ಎಂದು ಕೈಯೆತ್ತಿದರು.

"ಚಿಕ್ಕವಳದೇನೂ ತಪ್ಪಿಲ್ಲ. ನನ್ನ ಕೈ ಹೋಯ್ತು ಕಣಪ್ಪಾ" ಎಂದರು. ಗಿರಾಕಿಗಳಿಗೆ ಕೈಮುಗಿದು, ಎಲ್ಲ ಬಿಚ್ಚಿ ಸರಿಮಾಡಿ ಕೊಡುವುದಾಗಿ ಹೇಳಿದರು. ಅವರು ಹೋದ ಮೇಲೆ ಟೇಪನ್ನು ಸುರುಳಿ ಸುತ್ತಿ ಡ್ರಾಯರಿನೊಳಗೆ ಹಾಕಿ, ಮೇಲೆ ಹೋದರು.

ಮರುದಿನ ಬೆಳಿಗ್ಗೆ ಕೂಗೇ ಬರಲಿಲ್ಲ. ಯಾರ ಹೆಸರಿಗೂ ಬರಲಿಲ್ಲ. ಅತ್ತೆ ಮೇಲಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದರು, ಕೈ ಎರಡೂ ಮಡಿಲಲ್ಲಿ. "ಅಳತೆಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದರು ಮಕ್ಕಳಿಗೆ. ಹಿರಿಸೊಸೆ ಟೀ ತಂದುಕೊಟ್ಟರೆ ತೆಗೆದುಕೊಂಡರು, ಕುಡಿಯಲಿಲ್ಲ. ಅವರು ಆಗಾಗ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದರು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ.

ಹಿರಿಸೊಸೆಗೆ ನಿಂತಲ್ಲೇ ನೆಲ ಬಿರಿಯಬಾರದೇ ಎನಿಸಿತು. ಅವಳು ಕಲ್ಲು ಎಸೆದದ್ದು ಓರಗಿತ್ತಿಗೆ, ಬಿದ್ದದ್ದು ಅತ್ತೆಗೆ. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು. ಆದರೆ ಹೇಳಿದರೆ? ಗೊತ್ತಿದ್ದೂ ಸುಮ್ಮನಿದ್ದವಳನ್ನು ಅತ್ತೆ ಇನ್ನು ಯಾವ ಬಾಯಲ್ಲಿ ಕರೆಯುತ್ತಾರೆ? ಕರೆಸಿಕೊಳ್ಳುವ ಆಸೆಗೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಖಾಲಿ ಕೈಯಲ್ಲಿ ಮೆಟ್ಟಿಲಿಳಿದಳು.

ಕೆಳಗೆ ಕಿರಿಸೊಸೆ ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪಿಟೀಲಿನವರ ಅಳತೆಗಳನ್ನೇ ಅದಕ್ಕೆ ಹಾಕಿ ಕಾಗದ ತೆಗೆದಿದ್ದಳು. ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಅದರ ಮೇಲೆ ತನ್ನ ಕಾಗದ ಇಟ್ಟಳು. ಬೆಳಕಿನಲ್ಲಿ ಎರಡೂ ಗೆರೆಗಳು ಕಂಡವು. ಒಂದರೊಳಗೆ ಒಂದು, ನಡುವೆ ಸುತ್ತಲೂ ಸಣ್ಣದೊಂದು ಅಂಚು.

"ಅಕ್ಕ, ಪ್ರಿಂಟಿಗೆ ಹೋಗೋವಾಗ ನಿಮ್ಮದು ಏನೋ ಕಳೆಯುತ್ತೆ" ಎಂದಳು, ಗಾಜಿನ ಕಡೆಯೇ ನೋಡುತ್ತಾ.

ಹಿರಿಸೊಸೆ ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

"ನಾನು ಅವತ್ತು ಕೇಳಿದ್ದೆ. ಬೇರೆ ಕಡೆ ಏನಾದ್ರೂ ಇದೆಯಾ ಅಂತ." ತಿರುಗಿ ನೋಡಿದಳು. ನೋಡಿದ್ದೇ ತಡ, ಅವಳಿಗೆ ಅರ್ಥವಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಅವಳ ಕಣ್ಣು ತುಂಬಿಬಂತು, ಆದರೆ ಒಂದು ಮಾತೂ ಬೈಯಲಿಲ್ಲ. ಎರಡೂ ಕಾಗದಗಳನ್ನು ಮಡಿಸಿಟ್ಟು ದಡದಡನೆ ಮೆಟ್ಟಿಲು ಹತ್ತಿದಳು. ಹಿರಿಸೊಸೆ ಹಿಂದೆಯೇ ಓಡಿದಳು. ಮುಗಿಯಿತು ನನ್ನ ಕಥೆ ಎಂದುಕೊಂಡು ಓಡಿದಳು.

ಆದರೆ ಕಿರಿಸೊಸೆ ಅತ್ತೆಯ ಕಾಲ ಬಳಿ ಕೂತು ಹೇಳಿದ್ದೇ ಬೇರೆ. "ಅತ್ತೆ, ನಿಮ್ಮ ಕೈಗೆ ಏನೂ ಆಗಿಲ್ಲ. ತಪ್ಪು ನಂದು. ಅಕ್ಕ ಪ್ರಿಂಟ್ ಮಾಡೋವಾಗ ಒಂದಿಷ್ಟು ಕಳೆಯೋ ಸಾಲು ಮೊದಲಿಂದಲೂ ಸೇರಿಸಿದ್ರು. ನಾನು ಸರಿಯಾಗಿ ನೋಡದೆ ಬಿಟ್ಟುಬಿಟ್ಟೆ."

ಅತ್ತೆ ಅವಳನ್ನು ದಿಟ್ಟಿಸಿದರು. "ನಿಜವಾಗ್ಲೂ?"

"ನಿಜ ಅತ್ತೆ. ನನ್ನ ಅವಸರ."

ಅತ್ತೆಯ ಮುಖಕ್ಕೆ ರಕ್ತ ಮರಳಿ ಬಂತು. ಅವಳ ಕೆನ್ನೆ ಸವರಿ, "ಹೋಗ್ಲಿ ಬಿಡು ಮಗಳೇ. ತಪ್ಪು ಒಪ್ಕೊಳ್ಳೋಕೂ ದೊಡ್ಡ ಮನಸ್ಸು ಬೇಕು" ಎಂದರು.

ಮಗಳೇ ಅಂತೆ! ದೊಡ್ಡ ಮನಸ್ಸಂತೆ! ಬಾಗಿಲಲ್ಲಿ ನಿಂತಿದ್ದ ಹಿರಿಸೊಸೆಯ ತಲೆಗೆ ಏರಿತು. ಅವಳು ಬಚಾವಾಗಿದ್ದಳು, ಸುಮ್ಮನೆ ಹಿಂದೆ ಸರಿದು ಮೆಟ್ಟಿಲಿಳಿದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಹುಡುಗಿ ಮೇಜು ಕಸಿದುಕೊಂಡಿದ್ದಳು, ಬೆಳಗಿನ ಕೂಗನ್ನು ಕಸಿದುಕೊಂಡಿದ್ದಳು, ಈಗ ಹಿರಿಯವಳು ಮಾಡಿದ ತಪ್ಪನ್ನೂ ಎತ್ತಿಕೊಂಡು ಅದರ ಮೇಲೆ ಕೆನ್ನೆ ಸವರಿಸಿಕೊಳ್ಳುತ್ತಿದ್ದಾಳೆ!

"ಅದು ಅವಳ ತಪ್ಪಲ್ಲ!" ಎಂದು ಕಿರುಚಿದಳು. "ನಂದು! ಅವಳು ಕೇಳಿದ್ಲು, ನಾನು ಬೇಕೂ ಅಂತ ಹೇಳ್ಲಿಲ್ಲ. ಎಲ್ಲಾನೂ ಅವಳಿಗೇ ಕೊಟ್ರಿ, ನನ್ನ ತಪ್ಪಾದ್ರೂ ನನಗೆ ಬಿಡಿ!"

ಸತ್ಯ ಹೇಳುವವರನ್ನು ಧರ್ಮ ನಡೆಸುತ್ತದೆ ಎನ್ನುತ್ತಾರೆ. ಹಿರಿಸೊಸೆಯನ್ನು ನಡೆಸಿದ್ದು ಅಪ್ಪಟ ಹೊಟ್ಟೆಕಿಚ್ಚು. ಒಮ್ಮೆ ಬಾಯಿ ತೆರೆದ ಮೇಲೆ ಎಲ್ಲವೂ ಬಂತು, ಸಡಿಲ, ಪುಸ್ತಕ, ಟೇಪಿನೊಳಗಿನ ಎರಡು ಬೆರಳು, ಯಾರಿಗೂ ಕಾಣದ ಕಡೆ ಬರೆದಿಟ್ಟ ಸಾಲು.

ಅತ್ತೆ ಕುರ್ಚಿಯ ತೋಳಿಗೆ ಬೆರಳಿಟ್ಟು, ಅದರ ಮೇಲೆ ಇನ್ನೊಂದು ಕೈಯಿಂದ ಇಲ್ಲದ ಟೇಪನ್ನು ಸುತ್ತಿ ನೋಡಿದರು. ಬೆರಳು ತಾನಾಗಿಯೇ ಒಳಗೆ ಹೋಯಿತು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೊಸದಾಗಿ ಬಂದಿದ್ದೆ ಅತ್ತೆ. ಹೇಗೆ ಹೇಳೋದು?"

"ನಿನ್ನೆ? ನನ್ನ ಕೈ ಹೋಯ್ತು ಅಂತ ನಾನು ಅಷ್ಟು ಜನರ ಮುಂದೆ ಹೇಳಿದಾಗ?"

"ಹೊಟ್ಟೆಕಿಚ್ಚು" ಎಂದಳು ಹಿರಿಸೊಸೆ. ಅಳು ಬಂತು. "ನೀವು ಅವಳನ್ನ ಕರೆಯೋಕೆ ಶುರು ಮಾಡಿದ್ರಿ."

ಅತ್ತೆ ಕುಡಿಯದ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನನಗೂ ಇತ್ತು" ಎಂದರು.

"ಏನು?"

"ಹೊಟ್ಟೆಕಿಚ್ಚು. ನಿನ್ನ ಮೇಲೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ನೋವಿನ ಬಗ್ಗೆ ಹೇಳುವವರಂತೆ ಹೇಳಿದರು. "ನೀನು ಬರೋಕೆ ಮುಂಚೆ ಆ ಮೇಜಿನ ಮೇಲೆ ಒಂದು ಗೆರೆ ಬೀಳ್ಬೇಕಾದ್ರೆ ನನ್ನ ಕೈಯಿಂದಲೇ ಬೀಳ್ತಿತ್ತು. ನೀನು ಕೇಳ್ದೆ, ನಾನು ಹೇಳ್ದೆ. ಎಲ್ಲಾನೂ ತಗೊಂಡು ಹೋಗಿ ಆ ಕರಿ ಪೆಟ್ಟಿಗೆಯೊಳಗೆ ಹಾಕ್ದೆ. ಆಮೇಲೆ ಗೆರೆ ಎಳೆಯೋದು ಅದು, ಅದರ ಹಿಂದೆ ಕತ್ತರಿ ಓಡಿಸೋದು ನಾನು. ಬೆಳಿಗ್ಗೆ ಎದ್ರೆ ನಿನ್ನ ಕೂಗ್ಬೇಕು. ನೀನು ಬರೋವರೆಗೂ ನನ್ನ ಮೇಜಿನ ಮುಂದೆ ನಾನೇ ಕೈಕಟ್ಕೊಂಡು ನಿಂತಿರ್ಬೇಕು. ಎಷ್ಟು ವರ್ಷ ನಿಂತಿದ್ದೀನಿ ಗೊತ್ತೇನೇ?"

ಅರ್ಧಕ್ಕೆ ಬಿಟ್ಟ ಅಷ್ಟೊಂದು ಲೋಟ ಟೀ, ಅಷ್ಟೊಂದು ಬೆಳಗು, ಅದೆಲ್ಲ ಪ್ರೀತಿ ಎಂದುಕೊಂಡು ಹಿರಿಸೊಸೆ ಮೆಟ್ಟಿಲಿಳಿದಿದ್ದಳು. ಕೆಳಗೆ ನಿಂತು ಕೂಗಿದವರಿಗೆ ಅದು ದಿನಾ ಬೇಡಿಕೊಂಡ ಹಾಗಿತ್ತು.

"ಹೇಳಬಹುದಿತ್ತಲ್ಲ ಅತ್ತೆ."

"ಅಷ್ಟು ಆಸೆ ಪಟ್ಟು ಮಾಡಿದ್ದೆ. ಬೇಡ ಅಂತ ಯಾವ ಬಾಯಲ್ಲಿ ಹೇಳೋದು?" ಅತ್ತೆ ಎದ್ದರು. ಮೊಣಕಾಲು ಹಿಡಿದುಕೊಂಡು ಒಂದು ಗಳಿಗೆ ನಿಂತರು. "ನೀನು ಮಾಡಿದ್ದನ್ನ ನಾನು ಮರೆಯಲ್ಲ. ಮರೀತೀನಿ ಅಂದ್ರೆ ಸುಳ್ಳಾಗುತ್ತೆ. ಈಗ ನಡೀರಿ ಇಬ್ರೂ, ಕೋಟುಗಳನ್ನ ಬಿಚ್ಚಬೇಕು."

ಕೆಳಗೆ ಬಂದು ಹಿರಿಸೊಸೆ ಕಿರಿಸೊಸೆಯ ಲ್ಯಾಪ್‌ಟಾಪಿನ ಮುಂದೆ ಕೂತಳು. ಆ ಸಾಲನ್ನು ತಾನೇ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಳು. ಇಷ್ಟು ದಿನ ಹೀಯಾಳಿಸಿದ ರಸ್ಟ್‌ನಲ್ಲಿ, ಅಳತೆಯಿಂದ ಬೆರಳುಗಳ ದಪ್ಪಕ್ಕೆ ಮೂರು ಸೆಂಟಿಮೀಟರು ಕಳೆ ಎಂದು ಬರೆದು ಓಡಿಸಿದಳು. ಪರದೆಯ ತುಂಬ ಕೆಂಪು ಅಕ್ಷರ. ಮತ್ತೆ ಓಡಿಸಿದಳು, ಮತ್ತೆ ಕೆಂಪು.

"ಮೂರು ಅಂದ್ರೆ ಇದಕ್ಕೆ ಸಾಲಲ್ಲ ಅಕ್ಕ. ಅಳತೆಯಲ್ಲಿ ಪಾಯಿಂಟ್ ಇದೆಯಲ್ಲ, ಅದಕ್ಕೇ ಮೂರು ಪಾಯಿಂಟ್ ಸೊನ್ನೆ ಅನ್ನಬೇಕು."

"ಮೂರು ಅಂದ್ರೆ ಮೂರು! ಪರ್ಲ್ ಆಗಿದ್ರೆ ಹೇಳದೇನೇ ಅರ್ಥ ಮಾಡ್ಕೊಳ್ತಿತ್ತು."

"ಹೌದಕ್ಕ" ಎಂದಳು ಕಿರಿಸೊಸೆ. ಅವಳ ಕಣ್ಣಿನ ಕೆಂಪು ಇನ್ನೂ ಇಳಿದಿರಲಿಲ್ಲ. "ಇದಕ್ಕೆ ಬಾಯಿಬಿಟ್ಟು ಹೇಳ್ಬೇಕು."

ಹಿರಿಸೊಸೆ ಅವಳ ಮುಖ ನೋಡಿದಳು. ಪಾಯಿಂಟ್ ಸೊನ್ನೆ ಸೇರಿಸಿದಳು, ಕೆಂಪು ಹೋಯಿತು. ಪಿಟೀಲಿನವರ ಕೋಟು ಪರದೆಯ ಮೇಲೆ ಮೂಡಿತು. ಅತ್ತೆ ಬಂದು ಕುರ್ಚಿಯಲ್ಲಿ ಕೂತು ಮೌಸು ಹಿಡಿದರು.

"ಅತ್ತೆ, ಮೊದಲು ಇಲ್ಲಿ ಒತ್ತಿ" ಎಂದಳು ಕಿರಿಸೊಸೆ, ಎಡಗಡೆಯಿಂದ ಬಾಗಿ.

"ಬೇಡ ಅತ್ತೆ, ಹೀಗೆ ಎಳೀರಿ" ಎಂದಳು ಹಿರಿಸೊಸೆ, ಬಲಗಡೆಯಿಂದ ಬಾಗಿ.

"ಆಚೆ ಸರೀರೇ ಇಬ್ರೂ!" ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ಬೆಳಕಿಗೆ ಅಡ್ಡ ಬರ್ತೀರಿ."

ಓರಗಿತ್ತಿ ಎಷ್ಟು ಸರಿದಳು ಎಂದು ನೋಡಿಕೊಂಡು, ಹಿರಿಸೊಸೆ ಅಷ್ಟೇ ಸರಿದಳು.